ಅಣ್ಣಮ್ಮ ಕೇಳಿಕೊಂಡ ತೀರ್ಪು

ಸುದ್ದಗುಂಟೆಪಾಳ್ಯದಲ್ಲಿ ನಮ್ಮದು ಸಣ್ಣ ಕ್ರೈಸ್ತ ಸಭೆ. ಹೆಂಚಿನ ಮನೆಯೊಂದರ ನಡುಗೋಡೆ ಒಡೆದು ಪ್ರಾರ್ಥನೆಗೆ ಜಾಗ ಮಾಡಿಕೊಂಡಿದ್ದೆವು. ನಮ್ಮ ಯಜಮಾನರೇ ಅಲ್ಲಿಯ ಸಭಾಪಾಲಕರು. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು, ನನ್ನನ್ನು ಅಮ್ಮನವರು. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕಸ ಗುಡಿಸಿ ಚಾಪೆ ಹಾಸುತ್ತಿದ್ದವಳು ಅಣ್ಣಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಒಬ್ಬನೇ ಮಗ ಚಿನ್ನಪ್ಪನನ್ನು ಅವರಿವರ ಮನೆಯ ಪಾತ್ರೆ ತೊಳೆದು ಸಾಕಿದ್ದಳು. ಅವನು ಗಾರೆ ಕೆಲಸ ಕಲಿತು, ಮೊದಲ ಸಲ ಅಮ್ಮನಿಗೆ ಸೀರೆ ತಂದುಕೊಟ್ಟಾಗ ಅವಳು ಅದನ್ನು ಉಡದೆ ಇಡೀ ಸಭೆಗೆ ತೋರಿಸಿಕೊಂಡು ಬಂದಿದ್ದಳು.

ಎಪ್ಪತ್ತನಾಲ್ಕರಲ್ಲಿ ಚಿನ್ನಪ್ಪ ಸತ್ತ. ಸಾರಕ್ಕಿಯ ಆಚೆ ಹೊಸ ಸೈಟುಗಳಲ್ಲಿ ಮನೆಗಳು ಏಳುತ್ತಿದ್ದ ಕಾಲ. ಕೊಟ್ರಪ್ಪನೆಂಬ ಕಂಟ್ರಾಕ್ಟರು ಕಟ್ಟಿಸುತ್ತಿದ್ದ ಮನೆಯ ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿ ವಾರವೂ ಆಗಿರಲಿಲ್ಲ. ಅಡಿಯಲ್ಲಿ ಆಸರೆಗೆ ನಿಲ್ಲಿಸಿದ್ದ ಕಂಬಗಳು ಇನ್ನೊಂದು ಕೆಲಸಕ್ಕೆ ಬೇಕೆಂದು ಅವನು ಅವಸರ ಮಾಡಿ ಬಿಚ್ಚಿಸಿದ. ಚಿನ್ನಪ್ಪ ಇನ್ನೂ ಕೆಳಗಿದ್ದಾಗಲೇ ತಾರಸಿ ಕುಸಿಯಿತು.

ಕೇಸು ನಡೆಯಿತು. ಅಂದು ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ ಬೈರಣ್ಣ ಅಣ್ಣಮ್ಮನ ಮನೆಗೆ ಬಂದು, "ನಾನು ನಿಜ ಹೇಳ್ತೀನಿ ಅಕ್ಕ, ಕಂಟ್ರಾಕ್ಟರೇ ಕೀಳಿಸಿದ್ದು" ಎಂದು ಅತ್ತಿದ್ದ. ಕಟಕಟೆಯಲ್ಲಿ ನಿಂತಾಗ ಮಾತು ತಿರುಗಿಸಿದ. ಹುಡುಗ ಯಾರ ಮಾತೂ ಕೇಳದೆ ತಾನೇ ಕಂಬ ಕಿತ್ತ ಅಂದ. ಸಾಕ್ಷಿಯೇ ಹಾಗೆ ಹೇಳಿದ ಮೇಲೆ ನ್ಯಾಯಾಧೀಶರು ಇನ್ನೇನು ಮಾಡಿಯಾರು? ಕೊಟ್ರಪ್ಪ ಖುಲಾಸೆಯಾದ. ತೀರ್ಪಿನ ಇಂಗ್ಲಿಷನ್ನು ವಕೀಲರು ಬಿಡಿಸಿ ಹೇಳಿದಾಗ ಅಣ್ಣಮ್ಮ ಒಂದೇ ಮಾತು ಕೇಳಿದಳು.

"ಅಂದ್ರೆ ನನ್ ಮಗ ಸತ್ತಿದ್ದು ನನ್ ಮಗನ ತಪ್ಪು ಅಂತ ಬರೆದವ್ರಾ?"

"ಹಾಗೇ ಬರೆದಿದ್ದಾರಮ್ಮ" ಅಂದರು ವಕೀಲರು.

ಅವಳು ಅಲ್ಲಿ ಅಳಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ, "ಮೇಲೊಬ್ಬ ಕೂತವ್ನೆ ಅಮ್ಮನವ್ರೆ. ಅವನ ಮುಂದೆ ಯಾವ ಬೈರಣ್ಣನ ಸಾಕ್ಷಿನೂ ಬೇಕಾಗಲ್ಲ" ಅಂದಳು. ಮರುದಿನದಿಂದ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಂದು ಕೀರ್ತನೆ ಓದತೊಡಗಿದಳು. ದಾವೀದನ ಕೀರ್ತನೆಗಳಲ್ಲಿ ದೇವರ ರಾಜ್ಯಭಾರವನ್ನು ಕೊಂಡಾಡುವವು ಇವೆ, ಅವನ ಕಟ್ಟಳೆಗಳು ಜೇನಿಗಿಂತ ಸಿಹಿ ಎನ್ನುವವು ಇವೆ. ಅವಳು ಆರಿಸಿಕೊಂಡದ್ದು ಶಾಪದ ಕೀರ್ತನೆ. ವೈರಿಯ ಆಯುಸ್ಸು ಮೊಟಕಾಗಲಿ, ಅವನ ಹೆಂಡತಿ ವಿಧವೆಯಾಗಲಿ, ಮಕ್ಕಳು ತಬ್ಬಲಿಗಳಾಗಲಿ ಎಂದು ನೊಂದವನೊಬ್ಬ ದೇವರಲ್ಲಿ ಮೊರೆಯಿಡುವಂಥದ್ದು. ಗಟ್ಟಿಯಾಗಿ ಓದುತ್ತಿದ್ದಳು. ವಠಾರಕ್ಕೆಲ್ಲ ಕೇಳುತ್ತಿತ್ತು.

ಯಜಮಾನರು ಒಮ್ಮೆ ಮೆತ್ತಗೆ ಹೇಳಿ ನೋಡಿದರು. "ಅದನ್ನ ಬಿಟ್ಟು ಬೇರೆ ಓದಮ್ಮ."

"ಯಾಕೆ ಅಯ್ಯನವ್ರೆ? ಅದು ದೇವರ ವಾಕ್ಯ ಅಲ್ವಾ?"

"ವಾಕ್ಯವೇ. ಸಂಕಟದಲ್ಲಿರೋನು ದೇವರ ಮುಂದೆ ಹೊಟ್ಟೆಯಲ್ಲಿರೋದನ್ನೆಲ್ಲ ಕಕ್ಕಿದ್ದು."

"ನನ್ ಹೊಟ್ಟೇಲೂ ಅದೇ ಇರೋದು" ಅಂದಳು ಅಣ್ಣಮ್ಮ.

ಆಮೇಲೆ ಅವಳಿಗೆ ಜಯನಗರದ ಒಂದು ಶಿಶುವಿಹಾರದಲ್ಲಿ ಆಯಾ ಕೆಲಸ ಸಿಕ್ಕಿತು. ಮಕ್ಕಳ ಮೂಗು ಒರೆಸುವುದು, ಬೂಟಿನ ಲೇಸು ಕಟ್ಟುವುದು, ಅತ್ತರೆ ಎತ್ತಿಕೊಳ್ಳುವುದು. ಅವಳ ಮುಖದಲ್ಲಿ ಮತ್ತೆ ನಗು ಕಂಡದ್ದು ಆಗಲೇ. ಹೀಗೆ ಕೆಲವು ವರ್ಷ ಕಳೆದವು. ಎಂಬತ್ತರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರು ನಿಂತಿತು. ಇಳಿದವನು ಕೊಟ್ರಪ್ಪ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಮಗಳನ್ನು ಶಾಲೆಗೆ ಸೇರಿಸಲು ಕರೆತಂದಿದ್ದ. ಅಳುತ್ತಿದ್ದ ಮಗುವನ್ನು ಅಣ್ಣಮ್ಮನ ಕೈಗೆ ಕೊಟ್ಟು, "ಸ್ವಲ್ಪ ನೋಡ್ಕೊಳಮ್ಮ, ಇವಳು ಯಾರ ಹತ್ರಾನೂ ಹೋಗಲ್ಲ" ಅಂದನಂತೆ.

ಅಂದು ಸಂಜೆ ಅವಳು ನೇರವಾಗಿ ನಮ್ಮ ಮನೆಗೆ ಬಂದಳು. "ಕೋರ್ಟಲ್ಲಿ ಎದುರಿಗೇ ನಿಂತಿದ್ದೆ ಅಮ್ಮನವ್ರೆ. ನನ್ ಮುಖಾನೇ ಅವನಿಗೆ ನೆನಪಿಲ್ಲ."

"ಮಗು?"

"ನನ್ ಹೆಗಲ ಮೇಲೇ ನಿದ್ದೆ ಮಾಡ್ತು" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ಎಲ್ಲರೂ ಆ ಹುಡುಗಿಯನ್ನು ಪಾಪು ಎನ್ನುತ್ತಿದ್ದರು. ಶಾಲೆಯಲ್ಲೂ ಅದೇ ಉಳಿಯಿತು. ಪಾಪು ಅಣ್ಣಮ್ಮ ತಿನ್ನಿಸಿದರೆ ಮಾತ್ರ ಡಬ್ಬಿಯ ಉಪ್ಪಿಟ್ಟು ತಿನ್ನುತ್ತಿದ್ದಳು, ಅಜ್ಜಿ ಎಂದು ಹಿಂದೆ ಹಿಂದೆಯೇ ಓಡಾಡುತ್ತಿದ್ದಳು. ಅಣ್ಣಮ್ಮನೂ ಆ ಮಗುವಿಗೆಂದು ಹುರಿಗಡಲೆ, ಬೆಲ್ಲ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಆದರೆ ಬೆಳಗಿನ ಓದು ನಿಲ್ಲಲಿಲ್ಲ. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ, ಇದು ಹೇಗೆ ಸಾಧ್ಯ ಎಂದು. "ಮಗು ಬೇರೆ, ಅವನು ಬೇರೆ" ಅಂದಳು. ನಿಜವಾಗಿಯೂ ಹಾಗೇ ನಂಬಿದ್ದಳು.

ಮುಂದಿನ ವರ್ಷ ಯುಗಾದಿಗೆ ಮುಂಚೆ ಕೊಟ್ರಪ್ಪ ತಿಂಡಿ ತಿನ್ನುತ್ತ ಕೂತವನು ಎದೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ತಿಳಿದ ವಠಾರದ ಮಂಗಮ್ಮ ಓಡಿ ಬಂದು, "ನಿನ್ ದೇವರು ಕೊನೆಗೂ ಕಣ್ಬಿಟ್ಟ ಕಣೇ!" ಅಂದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಪಾಪು ಶಾಲೆಗೆ ಬಂದಳು. ಶಾಲೆ ಬಿಟ್ಟ ಮೇಲೆ ಬೇರೆ ಮಕ್ಕಳೆಲ್ಲ ಹೋದರು. ಕರೆದೊಯ್ಯಲು ಬಂದ ಸೋದರಮಾವನ ಜೊತೆ ಅವಳು ಹೋಗಲೊಲ್ಲಳು. ಗೇಟಿನ ಸರಳು ಹಿಡಿದು, "ಅಪ್ಪಾಜಿ ಸ್ಕೂಟ್ರು ಬರುತ್ತೆ. ಅಜ್ಜಿ, ನೀನು ಹೇಳು" ಎಂದು ಅಣ್ಣಮ್ಮನ ಸೀರೆ ಜಗ್ಗಿದಳಂತೆ.

ಅಣ್ಣಮ್ಮ ಅಂದು ಬಂದು ನಮ್ಮ ಬಾಗಿಲಲ್ಲಿ ಕುಸಿದು ಕೂತಳು. ಯಜಮಾನರು ಎದ್ದು ಬಂದರು.

"ತಬ್ಬಲಿ ಆಗ್ಲಿ ಅಂತ ದಿನಾ ಬಾಯ್ತುಂಬ ಓದ್ದೆ ಅಯ್ಯನವ್ರೆ. ಅದು ಪಾಪು ಅಂತ ಒಂದು ದಿನಾನೂ ನನಗೆ ಹೊಳೀಲಿಲ್ಲ."

"ಅವನ ಆಯುಸ್ಸು ನಿನ್ನ ಕೈಲಿರಲಿಲ್ಲಮ್ಮ. ಆಳೋನು ದೇವರು. ನಮ್ಮ ಅರ್ಜಿ ನೋಡಿ ಅವನು ತೀರ್ಪು ಕೊಡಲ್ಲ."

"ಹಂಗಾದ್ರೆ ಚಿನ್ನಪ್ಪನ ಅರ್ಜಿನೂ ನೋಡಿಲ್ವಾ? ನೋಡಿದ್ರೆ ಇದು ನಾನು ಕೇಳಿದ್ದೇ. ನೋಡ್ದೇ ಇದ್ರೆ ನನ್ ಮಗನಿಗೆ ಎಲ್ಲೂ ನ್ಯಾಯ ಇಲ್ಲ. ಯಾವ್ದು ಹೇಳಿ?"

ಮೂವತ್ತು ವರ್ಷ ಬೋಧನೆ ಮಾಡಿದವರು ಹೊಸ್ತಿಲ ಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟರು.

ಕೆಲವು ದಿನಗಳ ಮೇಲೆ ಅವಳು ನನ್ನನ್ನು ಜೊತೆಗೆ ಕರೆದುಕೊಂಡು ಕೊಟ್ರಪ್ಪನ ಮನೆಗೆ ಹೊರಟಳು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊಟ್ರಪ್ಪನ ಹೆಂಡತಿ ಶಿವಬಸಮ್ಮ ಬರಿಗೈಯಲ್ಲಿ, ಬರಿ ಹಣೆಯಲ್ಲಿ ಬಾಗಿಲು ತೆರೆದಳು. ಪಾಪು ಓಡಿ ಬಂದು ಅಣ್ಣಮ್ಮನ ಕಾಲು ತಬ್ಬಿದಳು.

"ಬನ್ನಿ, ಕೂತ್ಕೊಳ್ಳಿ. ದಿನಾ ನಿಮ್ಮ ಹೆಸರೇ ಹೇಳ್ತಾಳೆ" ಎಂದು ಶಿವಬಸಮ್ಮ ಚಾಪೆ ಹಾಸಿದಳು.

ಅಣ್ಣಮ್ಮ ಕೂರಲಿಲ್ಲ. "ನಾನು ಚಿನ್ನಪ್ಪನ ತಾಯಿ ಕಣಮ್ಮ. ಸಾರಕ್ಕಿ ಮನೇಲಿ ಮೋಲ್ಡ್ ಬಿದ್ದು ಸತ್ತನಲ್ಲ, ಆ ಹುಡುಗನ ತಾಯಿ. ನಿಮ್ಮನೆಯವ್ರಿಗೆ ಕೇಡಾಗ್ಲಿ ಅಂತ ದೇವರ ಹತ್ರ ದಿನಾ ಕೇಳ್ಕೊಂಡಿದ್ದೆ."

ಶಿವಬಸಮ್ಮ ಗೋಡೆಗೆ ಒರಗಿಕೊಂಡಳು. "ಆ ಹುಡುಗನೇ ಕಂಬ ಕಿತ್ತಿದ್ದು ಅಂತ ನಮ್ಮನೆಯವ್ರು ಹೇಳಿದ್ರು. ಅದು ಸುಳ್ಳಾ? ನಿಮ್ಮ ಬಾಯಲ್ಲೇ ಹೇಳಿ."

ಅಣ್ಣಮ್ಮ ಕಾಲಬುಡದಲ್ಲಿದ್ದ ಮಗುವನ್ನು ನೋಡಿದಳು. ಸುಳ್ಳಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸತ್ತವನ ಹೆಂಡತಿಗೆ ಅಷ್ಟಾದರೂ ಉಳಿಯಲಿ ಎಂದು.

"ಸುಳ್ಳು ಕಣಮ್ಮ" ಅಂದಳು. "ಅವರು ಕೀಳ್ಸಿದ್ರು. ಇನ್ನೊಂದ್ಸಲ ನನ್ ಬಾಯಿಂದ್ಲೇ ನನ್ ಮಗನ್ನ ತಪ್ಪಿತಸ್ಥ ಮಾಡೋಕಾಗಲ್ಲ. ಆದ್ರೆ ನಾನು ಕೇಳ್ಕೊಂಡಿದ್ದೂ ತಪ್ಪೇ. ಅದಕ್ಕೆ ನಿಮ್ ಕಾಲಿಗೆ ಬೀಳ್ತೀನಿ."

ಅವಳು ಬಾಗುವ ಮೊದಲೇ ಶಿವಬಸಮ್ಮ ಮಗುವನ್ನು ಎಳೆದುಕೊಂಡಳು. "ಹೋಗಿ. ದಯವಿಟ್ಟು ಹೋಗಿ" ಅಂದಳು. ನಾವು ರಸ್ತೆಗೆ ಬಂದ ಮೇಲೂ ಪಾಪು ಅಜ್ಜಿ ಅಜ್ಜಿ ಎಂದು ಕೂಗುವುದು ಕೇಳುತ್ತಿತ್ತು.

ಮಗುವನ್ನು ಆ ಶಾಲೆಯಿಂದ ಬಿಡಿಸಿದರು. ಆಮೇಲೆ ಅವರು ಮನೆ ಮಾರಿ ತವರಿನ ಕಡೆ ಹೋದರೆಂದು ಕೇಳಿದೆವು. ಅಣ್ಣಮ್ಮ ಕೆಲಸ ಬಿಡಲಿಲ್ಲ. ಆದರೆ ಮಕ್ಕಳನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಅತ್ತರೆ ಪಕ್ಕದಲ್ಲಿ ಕೂತು ಕಣ್ಣೊರೆಸುತ್ತಿದ್ದಳು, ಅಷ್ಟೆ. ಬೆಳಿಗ್ಗೆ ಅವಳ ಮನೆಯಿಂದ ಓದುವ ದನಿ ಮತ್ತೆ ಕೇಳಲಿಲ್ಲ. ಸಭೆಯಲ್ಲಿ ಒಬ್ಬ ವಿಧವೆಗಾಗಿ, ತಂದೆಯಿಲ್ಲದ ಒಂದು ಮಗುವಿಗಾಗಿ ಪ್ರಾರ್ಥಿಸಬೇಕೆಂದು ಯಜಮಾನರನ್ನು ಕೇಳಿಕೊಂಡಳು. ಅವರು ಹೆಸರಿಲ್ಲದೆ ಪ್ರಾರ್ಥಿಸುತ್ತಿದ್ದರು. ಎಲ್ಲರೂ ಆಮೆನ್ ಅನ್ನುವಾಗ ಅವಳ ತುಟಿ ಅಲುಗುತ್ತಿರಲಿಲ್ಲ.

ಎಂಬತ್ತಾರರ ಚಳಿಯಲ್ಲಿ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದಳು. ಕೊನೆಗೆ ಒಂದು ಮಧ್ಯಾಹ್ನ ಯಜಮಾನರ ಕೈ ಹಿಡಿದುಕೊಂಡು ಕೇಳಿದಳು. "ಮೇಲೆ ಅವನ ಮುಂದೆ ನನ್ ಹೆಸರು ಕೂಗ್ದಾಗ ಯಾವ ಕಡೆ ನಿಂತ್ಕೊಳ್ಲಿ ಅಯ್ಯನವ್ರೆ? ದೂರು ಕೊಟ್ಟೋಳು ಅಂತಾನಾ, ತಪ್ಪು ಮಾಡ್ದೋಳು ಅಂತಾನಾ?"

"ಗೊತ್ತಿಲ್ಲಮ್ಮ" ಅಂದರು ಅವರು. "ಕೂಗೋನಿಗೆ ನಿನ್ನ ಮಗನೂ ಗೊತ್ತು, ನೀನೂ ಗೊತ್ತು. ಅಷ್ಟು ಮಾತ್ರ ನಾನು ಬಲ್ಲೆ."

ಅವಳು ತಲೆಯಾಡಿಸಿದಳು. ಸಮಾಧಾನವಾಯಿತೋ, ಸುಸ್ತಾಗಿ ಕಣ್ಣು ಮುಚ್ಚಿದಳೋ ನನಗೆ ತಿಳಿಯಲಿಲ್ಲ. ಎರಡು ದಿನದ ಮೇಲೆ ಅವಳನ್ನು ಚಿನ್ನಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು.