ತೆಪ್ಪ ಮಡಿಸುವ ಅರ್ಗಿರೋ

ಪೆರಾಮ ಎಂಬ ಬಂದರಿನಲ್ಲಿ ಹಡಗು ಕಟ್ಟುವ ಅಂಗಳಗಳ ಹಿಂದೊಂದು ಬೀದಿ. ಹಡಗಿಗೆ ಏನು ಬೇಕೆಂದರೂ ಅಲ್ಲಿ ಸಿಗುತ್ತದೆ. ಒಬ್ಬ ಲಂಗರಿನ ಸರಪಳಿ ಮಾರುತ್ತಾನೆ, ಒಬ್ಬ ಪಂಪು ರಿಪೇರಿ ಮಾಡುತ್ತಾನೆ, ಇನ್ನೊಬ್ಬ ದಿನವಿಡೀ ಕೂತು ದಪ್ಪ ಹಗ್ಗದ ತುದಿ ಹೆಣೆಯುತ್ತಾನೆ. ಅರ್ಗಿರೋ ತೆಪ್ಪ ಮಡಿಸುತ್ತಾಳೆ. ಹಡಗು ಮುಳುಗುವಾಗ ನೀರಿಗೆ ಎಸೆದು ಹಗ್ಗ ಜಗ್ಗಿದರೆ ತಾನೇ ಉಬ್ಬಿ ಡೇರೆಯಾಗುವ ರಬ್ಬರ್ ತೆಪ್ಪ ಅದು. ಉಬ್ಬಿದರೆ ಒಂದು ಕೋಣೆಯಷ್ಟು. ಅರ್ಗಿರೋ ಮಡಿಸಿದ ಮೇಲೆ ಒಂದು ಬಿಳಿ ಪೀಪಾಯಿಯೊಳಗೆ ಸದ್ದಿಲ್ಲದೆ ಮಲಗುತ್ತದೆ.

ಮೊದಲು ಅವಳು ಹೊಲಿಗೆಯವಳು. ಮದುಮಗಳ ಉಡುಪಿಗೆ ನೆರಿಗೆ ಹಿಡಿಯುವುದಕ್ಕೂ ತೆಪ್ಪಕ್ಕೆ ಮಡಿಕೆ ಹಾಕುವುದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, "ತಪ್ಪಿದ್ರೆ ಮದುಮಗಳು ಬಯ್ತಾಳೆ. ತೆಪ್ಪ ಬಯ್ಯಲ್ಲ. ಅದಕ್ಕೇ ಭಯ" ಎನ್ನುತ್ತಾಳೆ.

ಗಂಡ ಸಾರಾಂಟಿಸ್ ಸರಕು ಹಡಗಿನಲ್ಲಿ ಅಡುಗೆಯವನು. ಒಮ್ಮೆ ಕಿಥಿರಾ ದ್ವೀಪದ ಆಚೆ ಅವನ ಹಡಗಿಗೆ ನೀರು ನುಗ್ಗಿ, ಇಡೀ ರಾತ್ರಿ ಇಂಥದೇ ತೆಪ್ಪದಲ್ಲಿ ಕೂತು ಜೀವ ಉಳಿಸಿಕೊಂಡು ಬಂದ. ಹೊಸ್ತಿಲು ದಾಟಿದವನೇ, "ಆ ತೆಪ್ಪದ ಬಾಗಿಲು ಇನ್ನೊಂಚೂರು ಅಗಲ ಇಡ್ಬಹುದಿತ್ತು ಕಣೇ, ನನ್ನ ಹೊಟ್ಟೆ ಸಿಕ್ಕಿಹಾಕ್ಕೊಂಬಿಡ್ತು" ಎಂದ. ಅದನ್ನು ಮಡಿಸಿದವರು ಯಾವ ಊರಿನವರೋ ಯಾರಿಗೆ ಗೊತ್ತು. ಆ ಕೈಗಳು ತಣ್ಣಗಿರಲಿ ಎಂದು ಅರ್ಗಿರೋ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳು. ಆ ವರ್ಷವೇ ಹೊಲಿಗೆ ಬಿಟ್ಟು ಈ ಕೆಲಸಕ್ಕೆ ಸೇರಿದಳು.

ಇಲ್ಲಿ ಒಂದು ಕಟ್ಟಳೆ ಇದೆ. ತೆಪ್ಪ ಹರಡಿದ ಕೋಣೆಗೆ ಕಾಲಿಡುವ ಮುಂಚೆ ಬಾಗಿಲ ಬಳಿಯ ತಟ್ಟೆಗೆ ಎಲ್ಲವೂ ಬೀಳಬೇಕು: ಉಂಗುರ, ಓಲೆ, ಕೊರಳ ಶಿಲುಬೆ, ಕೂದಲ ಪಿನ್ನು, ಬೀಗದ ಕೈ. ಚೂಪಾದದ್ದು ಒಂದು ಒಳಗೆ ಉಳಿದರೂ ರಬ್ಬರಿಗೆ ತೂತು. ಆಮೇಲೆ ಜೊತೆಗಾತಿ ಮೆಲ್ಪೊ ಇವಳ ಜೇಬು ತಡವುತ್ತಾಳೆ, ಇವಳು ಮೆಲ್ಪೊಳದು.

"ಖಾಲೀನಾ?"

"ನಿನ್ನ ತಲೆ ಇದ್ದ ಹಾಗಿದೆ ಕಣೇ, ಪೂರ್ತಿ ಖಾಲಿ" ಎನ್ನುತ್ತಾಳೆ ಮೆಲ್ಪೊ.

ಆ ವಸಂತದಲ್ಲಿ ಅಂಗಳದಲ್ಲಿ ಜನರನ್ನು ದಾಟಿಸುವ ಹೊಸ ಫೆರಿ ಹಡಗೊಂದು ಸಿದ್ಧವಾಗಿತ್ತು. ಅದರ ಯಜಮಾನರು ತೆಪ್ಪದ ಅಂಗಡಿಗೆ ಬಂದಾಗ ಅಲ್ಲಿನ ಮೇಸ್ತ್ರಿ ಸ್ಟಾಥಿಸ್ ಎದೆಯುಬ್ಬಿಸಿ, "ಈ ಹೆಂಗಸು ಮಡಿಸಿದ ತೆಪ್ಪ ಇವತ್ತಿನವರೆಗೆ ಒಂದೂ ಕೈಕೊಟ್ಟಿಲ್ಲ" ಎಂದಿದ್ದ. ಮಾತು ಮೆಲ್ಪೊಳ ಬಾಯಿಂದ ಅರ್ಗಿರೋಳ ಅತ್ತೆ ಕಲ್ಲಿರೋಯಿಯ ಕಿವಿಗೆ ಬಿತ್ತು. ಮುದುಕಿಗೆ ಸಂತೋಷವೂ ಆಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು.

ಫೆರಿಗೆ ಪಾದ್ರಿ ಮಂತ್ರದ ನೀರು ಚಿಮುಕಿಸುವ ದಿನ ಬಂತು. ಕಡೆಯ ತೆಪ್ಪವನ್ನು ಬೆಳಿಗ್ಗೆ ಮಡಿಸಿ ಮುಗಿಸಿದ್ದರು. ಸ್ಟಾಥಿಸ್ ಅದನ್ನು ಗಾಡಿಗೆ ಹಾಕಿಕೊಂಡು ಹಡಗುಕಟ್ಟೆಗೆ ಹೋದ. ಮಧ್ಯಾಹ್ನ ಕಲ್ಲಿರೋಯಿ ಬೇಳೆಯ ಸಾರು ಹಿಡಿದು ಗುಡ್ಡದ ಮೇಲಿನ ಮನೆಯಿಂದ ಇಳಿದು ಬಂದಳು. ಅರ್ಗಿರೋ ಚಮಚ ಎತ್ತಿದ್ದಳಷ್ಟೆ.

"ಮಗಳೇ, ಸ್ವಲ್ಪ ಇತ್ತ ತಿರುಗು." ಮುದುಕಿ ಅವಳ ಏಪ್ರನ್ನಿನ ಅಂಚನ್ನು ಮೇಲೆತ್ತಿ ನೋಡಿದಳು. "ಅಯ್ಯೋ, ಎಲ್ಲೋಯ್ತು?"

"ಏನಮ್ಮಾ?"

"ನೀಲಿ ಮಣಿ! ಬೆಳಿಗ್ಗೆ ನೀನು ಕಾಫಿ ಕುಡೀತಿದ್ದಾಗ ಅಂಚಿನೊಳಗೆ ಸಿಕ್ಕಿಸಿದ್ದೆ. ಆ ಸ್ಟಾಥಿಸ್ ನಿನ್ನ ಅಷ್ಟೊಂದು ಹೊಗಳಿದ್ನಂತೆ, ಒಂದ್ಸಲನೂ ಥೂ ಥೂ ಅಂತ ಉಗುಳಲಿಲ್ವಂತೆ. ದೃಷ್ಟಿ ತಾಗದೆ ಬಿಡುತ್ತಾ?"

"ಸಿಕ್ಕಿಸಿದ್ದು ಯಾತರಲ್ಲಿ?"

"ಯಾತರಲ್ಲಿ ಅಂದ್ರೆ? ಪಿನ್ನಲ್ಲಿ."

ಅರ್ಗಿರೋ ಮೆಲ್ಪೊಳ ಕಡೆ ತಿರುಗಿದಳು. ಇಬ್ಬರೂ ಜೇಬು ತಡವಿದ್ದರು. ಅಂಚನ್ನು ಯಾರು ತಡವುತ್ತಾರೆ? ಮೆಲ್ಪೊ ನೆಲದ ಮೇಲೆ ಮಂಡಿಯೂರಿ ಮೂಲೆ ಮೂಲೆ ಹುಡುಕಿದಳು. ಕಸದ ಡಬ್ಬಿ ಬೋರಲು ಹಾಕಿದಳು. ಸಿಗಲಿಲ್ಲ.

"ಗುಡ್ಡ ಇಳಿಯೋವಾಗ ಬಿದ್ದಿರುತ್ತೆ ಬಿಡೇ. ಊಟ ಮಾಡು" ಎಂದಳು ಮೆಲ್ಪೊ.

ನಂಬಬೇಕೆಂದು ಅರ್ಗಿರೋಗೂ ಆಸೆ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಿಟ್ಟರೆ, ಆ ಹೊಗಳಿಕೆ ಕೇಳಿದ ಯಜಮಾನರ ಎದುರಿಗೇ ತನ್ನ ತೆಪ್ಪವನ್ನು ತಾನೇ ಸೀಳಿ ತೋರಿಸಿದಂತೆ. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು! ಆದರೂ ಚಮಚ ಇಟ್ಟು ಎದ್ದು ಹಡಗುಕಟ್ಟೆಗೆ ಓಡಿದಳು.

ಫೆರಿಗೆ ಬಣ್ಣಬಣ್ಣದ ಬಾವುಟ ಕಟ್ಟಿದ್ದರು. ಕ್ರೇನಿನ ಕೊಕ್ಕೆ ಆಗಲೇ ಬಿಳಿ ಪೀಪಾಯಿಯನ್ನು ಎತ್ತಿತ್ತು.

"ಇಳಿಸು ಸ್ಟಾಥಿಸ್! ಅದನ್ನ ಬಿಚ್ಬೇಕು."

ಅವಳು ಹೇಳಿದ್ದನ್ನೆಲ್ಲ ಕೇಳಿ ಸ್ಟಾಥಿಸ್ ಹಣೆ ಚಚ್ಚಿಕೊಂಡ. "ಅರ್ಗಿರೋ ಅಕ್ಕಾ, ಪಾದ್ರಿ ನೀರು ಹಿಡ್ಕೊಂಡು ನಿಂತಿದಾರೆ. ನಿಮ್ಮತ್ತೆ ಮಣಿಗೋಸ್ಕರ ಹಡಗು ಕಾಯ್ಬೇಕಾ?"

"ಮಣಿಗಲ್ಲ, ಪಿನ್ನಿಗೆ."

"ಅದು ಒಳಗಿದ್ರೆ ತಾನೇ!"

"ಇಲ್ಲ ಅಂತ ನೀನು ಹೇಳು, ನಾನು ಹೋಗ್ತೀನಿ. ಪಾದ್ರಿಗಳ ಮುಂದೆ ಹೇಳು."

ಸ್ಟಾಥಿಸ್ ಪಾದ್ರಿಯ ಮುಖ ನೋಡಿದ. ಪಾದ್ರಿ ಸಮುದ್ರ ನೋಡಿದರು. ಯಜಮಾನರಲ್ಲೊಬ್ಬ ಗಡಿಯಾರ ನೋಡಿ ಏನೋ ಗೊಣಗಿದ. ಆಗ ಪಾದ್ರಿ, "ನಾಳೆ ಬರ್ತೀನಪ್ಪ. ಮಂತ್ರದ ನೀರು, ಕೆಡೋದಿಲ್ಲ" ಎಂದು ಪಾತ್ರೆಗೆ ಮುಚ್ಚಳ ಹಾಕಿದರು. ಸ್ಟಾಥಿಸ್ ಕ್ರೇನಿನವನಿಗೆ ಕೈ ಬೀಸಿದ.

ಅಂಗಡಿಯಲ್ಲಿ ಪಟ್ಟಿ ಕತ್ತರಿಸಿ, ಪೀಪಾಯಿ ತೆರೆದು, ಒಂದೊಂದೇ ಮಡಿಕೆ ಬಿಡಿಸುತ್ತ ಹೋದರು. ಅರ್ಗಿರೋ ಪ್ರತಿ ಮಡಿಕೆಯನ್ನೂ ಅಂಗೈಯಿಂದ ನೇವರಿಸಿ ಮುಂದಕ್ಕೆ ಸರಿಯುತ್ತಿದ್ದಳು. ಮುದುಕಿ ಹೊಸ್ತಿಲಾಚೆ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಸ್ಟಾಥಿಸ್ ತೋಳು ಕಟ್ಟಿಕೊಂಡು, "ಸಿಗಲ್ಲ ನೋಡ್ತಿರಿ" ಎನ್ನುತ್ತಲೇ ಇದ್ದ.

ತಳದ ಹತ್ತಿರದ ಮಡಿಕೆಯಲ್ಲಿ ಅವಳ ಕೈ ನಿಂತಿತು. ರಬ್ಬರಿಗೆ ಉದುರಿಸುವ ಪೌಡರ್ ಮೆತ್ತಿಕೊಂಡು ಬೆಳ್ಳಗಾದ ಮಣಿ, ಅದರ ಜೊತೆಗೆ ಪಿನ್ನು. ಬಾಯಿ ಬಿಟ್ಟುಕೊಂಡಿತ್ತು. ಮೊನೆ ರಬ್ಬರಿಗೆ ಒತ್ತಿಕೊಂಡಿತ್ತು.

ಸ್ಟಾಥಿಸ್ ಬಗ್ಗಿ ಅದನ್ನೆತ್ತಿ, ಬಾಯಿ ಮುಚ್ಚಿಸಿ, ಅಭ್ಯಾಸಬಲದಿಂದ ತನ್ನ ಜೇಬಿಗೆ ಹಾಕಿಕೊಳ್ಳಲು ಹೋದ.

"ತಟ್ಟೆಗೆ ಹಾಕೋ ಮಾರಾಯಾ!" ಎಂದು ಅರ್ಗಿರೋ, ಮೆಲ್ಪೊ ಇಬ್ಬರೂ ಒಟ್ಟಿಗೆ ಕೂಗಿದರು.

ತೂತಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವಂತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಇಳಿಯುತ್ತದೋ ನೋಡೋಣವೆಂದು ಗಾಳಿ ತುಂಬಿಸಿಟ್ಟು ಹೋದರು. ಮರುದಿನ ಬೆಳಿಗ್ಗೆ ಅರ್ಗಿರೋ ಎಲ್ಲರಿಗಿಂತ ಮುಂಚೆ ಬಂದು, ತಟ್ಟೆಗೆ ಎಲ್ಲ ಹಾಕಿ, ತೆಪ್ಪದ ಹೊಟ್ಟೆಗೆ ಅಂಗೈ ಬಡಿದಳು. ಡೋಲಿನ ಹಾಗೆ ಬಿಗಿಯಾಗಿತ್ತು. ಗಾಳಿ ಅಳೆಯುವ ಮೀಟರಿನ ಮುಳ್ಳೂ ಹಿಂದಿನ ಸಂಜೆ ಇದ್ದ ಕಡೆಯೇ ನಿಂತಿತ್ತು. ಮೆಲ್ಪೊ ಬಂದ ಮೇಲೆ ಒಬ್ಬರ ಏಪ್ರನ್ನಿನ ಅಂಚನ್ನು ಇನ್ನೊಬ್ಬರು ಸುತ್ತಲೂ ತಡವಿ ನೋಡಿ, ಇಬ್ಬರೂ ಮತ್ತೆ ಮೊದಲಿಂದ ಮಡಿಸಿದರು. ಮಧ್ಯಾಹ್ನದ ಹೊತ್ತಿಗೆ ಪಾದ್ರಿ ನೀರು ಚಿಮುಕಿಸಿದರು, ಫೆರಿ ಸಲಾಮಿನಾ ದ್ವೀಪದ ಕಡೆಗೆ ಹೊರಟಿತು. ಗೊಣಗಿದ್ದ ಯಜಮಾನ ಹೋಗುವ ಮುಂಚೆ ಅಂಗಡಿಗೆ ಬಂದು, ತನ್ನ ಇನ್ನೆರಡು ಹಡಗಿನ ತೆಪ್ಪಗಳನ್ನೂ ಇವಳೇ ನೋಡಬೇಕು ಎಂದು ಸ್ಟಾಥಿಸ್‌ಗೆ ಹೇಳಿ ಹೋದ.

ಕಲ್ಲಿರೋಯಿ ಮಾತ್ರ ಹಿಂದಿನ ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಸಂಜೆ ಅರ್ಗಿರೋ ತಾನಾಗಿಯೇ ಅವಳ ಎದುರು ಸ್ಟೂಲ್ ಎಳೆದುಕೊಂಡು ಕೂತಳು.

"ಅಮ್ಮಾ, ತಲೆ ಭಾರ. ದೃಷ್ಟಿ ತೆಗೀತೀರಾ?"

ಮುದುಕಿಯ ಮುಖ ಅರಳಿತು. ತಟ್ಟೆಯಲ್ಲಿ ನೀರು ತಂದು, ಅದಕ್ಕೆ ಎಣ್ಣೆಯ ಹನಿ ಬಿಟ್ಟು, ತುಟಿಯಲ್ಲೇ ಮಂತ್ರ ಹೇಳತೊಡಗಿದಳು. ಮಂತ್ರ ಮುಗಿಯುವಷ್ಟರಲ್ಲಿ ಬಾಯಿ ಅಗಲಿಸಿ ಒಂದು ಆಕಳಿಕೆ, ಅದರ ಹಿಂದೆ ಮತ್ತೊಂದು.

"ನೋಡಿದ್ಯಾ, ಹೆಂಗೆ ಆಕಳಿಕೆ ಬಂತು? ಎಷ್ಟು ದೃಷ್ಟಿ ಇತ್ತು ನಿಂಗೆ!"

ಮುದುಕಿ ಎರಡು ದಿನ ಗುಡ್ಡ ಹತ್ತಿಳಿದು ದಣಿದಿದ್ದಾಳೆಂದು ಅರ್ಗಿರೋಗೆ ಗೊತ್ತಿತ್ತು. "ಹೌದಮ್ಮಾ, ಈಗ ಹಗುರಾಯ್ತು" ಎಂದು ತಾನೂ ಬಾಯಿ ತುಂಬ ಆಕಳಿಸಿದಳು.