ಪೀಣ್ಯದ ಬಯಲಿನಲ್ಲಿ ರೋಮನ್ ಈಟಿ

ಆಗ ನಮ್ಮ ಪೀಣ್ಯದಲ್ಲಿ ಭಾನುವಾರವೂ ಲೇಥ್‌ಗಳ ಸದ್ದು ನಿಲ್ಲುತ್ತಿರಲಿಲ್ಲ. ಅಂಥದೊಂದು ಭಾನುವಾರ ನಾನು ಬೀದಿ ನಲ್ಲಿಯಿಂದ ನೀರು ಹೊತ್ತಿದ್ದೆ, ಬಾಗಿಲಿಗೆ ರಂಗೋಲಿ ಎಳೆದಿದ್ದೆ, ಅಕ್ಕಿ ಆರಿಸಿದ್ದೆ, ತಮ್ಮನ ಕಾಲುಚೀಲ ಒಗೆದು ಹರವಿದ್ದೆ. ಉಳಿದಿದ್ದು ಹಂಡೆ ಒಲೆಗೆ ಉರಿ ಹಾಕುವುದೊಂದೇ.

ಉರಿಗೆ ಬೇಕಾದ ಕಾಗದ ಅಪ್ಪನ ಕಾರ್ಖಾನೆಯಿಂದ ಬರುತ್ತಿತ್ತು. ಹೊರದೇಶದ ಯಂತ್ರಗಳು ಅಲುಗದಿರಲಿ ಎಂದು ಪೆಟ್ಟಿಗೆಗಳಲ್ಲಿ ತುರುಕಿರುತ್ತಿದ್ದ ಕಾಗದದ ಉಂಡೆಗಳನ್ನು ಅಪ್ಪ ಚೀಲದಲ್ಲಿ ತುಂಬಿ ತರುತ್ತಿದ್ದ. ಗ್ರೀಸ್ ವಾಸನೆಯ ಒಂದು ಉಂಡೆಯನ್ನು ಒಲೆಗೆ ಒಡ್ಡಿದಾಗ ಚಿತ್ರವೊಂದು ಕಂಡಿತು: ಗುರಾಣಿಗೆ ನಾಟಿ, ಕುತ್ತಿಗೆ ಬಾಗಿದ ಈಟಿ. ಸರಕ್ಕನೆ ಎಳೆದುಕೊಂಡೆ. ಚೀಲ ಬೋರಲು ಹಾಕಿ ಅದರ ಜೊತೆಯ ಹಾಳೆಗಳನ್ನೂ ಹುಡುಕಿದೆ.

ಈಟಿಯ ವಿಷಯ ನನಗೆ ಆಗ ಬಹಳ ಬೇಕಾಗಿತ್ತು. ನಮ್ಮ ವಠಾರದ ಹಿಂದಿನ ಬಯಲಲ್ಲಿ ನಾವು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದೆವು. ವಠಾರದ ಮಾಲೀಕರ ಮಗ ಮಂಜ ಯುದ್ಧದಾಟ ಶುರುಮಾಡಿ ನಮ್ಮನ್ನು ಹೊರಗೆ ಹಾಕಿದ್ದ. "ಹುಡುಗೀರಿಗೆ ಯುದ್ಧ ಇಲ್ಲ. ಬಿದ್ದಿರೋ ಕೋಲು ಆರಿಸ್ಕೊಡಿ, ಸಾಕು" ಎಂದಿದ್ದ.

ಇಂಗ್ಲಿಷಿನಲ್ಲಿದ್ದ ಆ ಹಾಳೆಗಳನ್ನು ಪಕ್ಕದ ಮನೆಯ ಸಾವಿತ್ರಕ್ಕನಿಗೆ ಕೊಟ್ಟೆ. ವಿಜಯಪುರ ಕಡೆಯವಳು, ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟು. ತಲೆಗೆ ಎಣ್ಣೆ ಹಚ್ಚಿಕೊಂಡು, ನಿಘಂಟು ತೊಡೆಯ ಮೇಲಿಟ್ಟುಕೊಂಡು ಓದಿದಳು. ಯಾರೋ ವಿದ್ವಾಂಸರು ಹಳೆಯ ರೋಮನ್ನರ ಈಟಿಯಂಥದ್ದನ್ನೇ ಮಾಡಿಸಿ, ಹಲಗೆಗೆ ಎಸೆದು, ಏನಾಯಿತೆಂದು ಬರೆದಿದ್ದರು.

"ಇದು ಬರೇ ಮಂದಿ ಕೊಲ್ಲಾಕ ಅಲ್ಲವ್ವಾ" ಎಂದಳು. "ಕುತ್ತಿಗಿ ಮೆತ್ತನ ಕಬ್ಬಿಣ. ಗುರಾಣ್ಯಾಗ ಸಿಕ್ಕೊಂಡು ಬಾಗಿದ್ರ ಕೀಳಾಕೂ ಬರಂಗಿಲ್ಲ, ಹೊತ್ಕೊಂಡು ಓಡಾಕೂ ಬರಂಗಿಲ್ಲ."

ಅಪ್ಪನ ಹತ್ತಿರ ಮೆತ್ತನೆಯ ಕಬ್ಬಿಣದ ಸರಳು ಕೇಳಿದೆ. ಯಾಕೆಂದು ಕೇಳದೆ ತಂದ. ತುದಿ ಚೂಪು ಮಾಡಿ, ಗುದ್ದಲಿಯ ಹಳೇ ಮರದ ಕಾವಿಗೆ ಬಿಗಿದೂ ಕೊಟ್ಟ. ನೋಡಿದವರು ಏನಂದಾರು ಎಂದು ಅಮ್ಮ ವಾರವೆಲ್ಲ ಗೊಣಗಿದಳು.

ಮುಂದಿನ ಭಾನುವಾರ ಬಯಲಿಗೆ ಹೋದೆ. ಮಂಜನ ಗುರಾಣಿಯೆಂದರೆ ಪೆಟ್ಟಿಗೆಯ ಮುಚ್ಚಳ. ಅದನ್ನು ಇಟ್ಟಿಗೆ ರಾಶಿಗೆ ಒರಗಿಸಿಟ್ಟು ದೂರ ನಿಲ್ಲಲು ಹೇಳಿದೆ. ನನ್ನ ಈಟಿ ನಾಟಿದ ಮೇಲೆ ಗುರಾಣಿ ಹೊತ್ತು ಹುಣಸೆಮರದವರೆಗೆ ಓಡಿದರೆ ಬಯಲು ಹುಡುಗರದು, ಇಲ್ಲದಿದ್ದರೆ ನಮ್ಮದೂ ಹೌದು ಎಂದೆ. ಮೊದಲ ಎಸೆತ ಮಣ್ಣಿಗೆ ಬಿತ್ತು. "ಹೋಗಿ ರಂಗೋಲಿ ಹಾಕೇ" ಎಂದು ನಕ್ಕ. ಎರಡನೆಯದು ನಾಟಿತು. ಕಾವಿನ ಭಾರಕ್ಕೆ ಸರಳು ಮೆಲ್ಲಗೆ ಬಾಗಿ ಹಿಂದಿನ ತುದಿ ನೆಲ ಮುಟ್ಟಿತು. ಮಂಜ ಎಳೆದ, ಬರಲಿಲ್ಲ. ಹೊತ್ತು ಓಡಿದ, ಕಾವು ಕಾಲಿಗೆ ಸಿಕ್ಕಿ ಮುಗ್ಗರಿಸಿ ಗುರಾಣಿಯನ್ನೇ ಬಿಸಾಕಿದ.

"ಮೋಸ ಕಣೇ ಇದು. ಈಟಿ ಬಾಗ್ಬಾರ್ದು."

"ಬಾಗೋದೇ ಅದರ ಕೆಲಸ. ಓದಿಸ್ಕೊಂಡೇ ಬಂದಿರೋದು. ಜಾಗ ಬಿಡು."

ಬಿಟ್ಟ.

ಈಗ ಫೋನಿನಲ್ಲಿ ಹುಡುಕಿದರೆ ಅಂಥ ಲೇಖನಗಳು ರಾಶಿ ಸಿಗುತ್ತವೆ. ಬಾಗಲೆಂದೇ ಆ ಈಟಿಯನ್ನು ಮಾಡಿರಲಿಲ್ಲ ಎಂದು ವಾದಿಸುವ ಪಂಡಿತರೂ ಇದ್ದಾರೆ. ವಾದಿಸಲಿ. ನನ್ನದು ಬಾಗಿತ್ತು. ಇಲ್ಲದಿರುವುದು ಆ ಬಯಲು. ಅಲ್ಲೀಗ ಗೋಡೌನಿನ ಕಾಂಪೌಂಡು. ನಮ್ಮ ಬೀದಿಯ ಹುಡುಗಿಯರು ಪಾರ್ಕಿಂಗಿನಲ್ಲಿ ಆಡಲು ವಾಚ್‌ಮನ್ನನ್ನು ಕೇಳುತ್ತಾರೆ. ಕೇಳಬೇಡಿ, ಆಡಿ ಎನ್ನುತ್ತೇನೆ ನಾನು.

ಗೆದ್ದ ದಿನ ರಾತ್ರಿ ಮುದ್ದೆ, ಹುರುಳಿಕಾಳು ಸಾರು. ಅಮ್ಮ ಬೈಯುತ್ತಲೇ ದೊಡ್ಡ ಮುದ್ದೆಯನ್ನು ನನ್ನ ತಟ್ಟೆಗಿಟ್ಟಳು. ಎಲ್ಲರಿಗಿಂತ ಮೊದಲು ಮಲಗಿದವಳು ನಾನು, ಪಾತ್ರೆ ತೊಳೆಯದೆ.