ಭಾವನವರು ಕಡಿಸಿದ ಬದು

ಅನ್ನವಿತ್ತ ನೆಲಕ್ಕೆ, ನೀರಿತ್ತ ಮುಗಿಲಿಗೆ, ಎರಡನ್ನೂ ಕೈಮುಗಿದು ಪಡೆಯಬೇಕೆಂದು ಕಲಿಸಿದ ಹಿರಿಯರಿಗೆ ಮೊದಲು ಶರಣು. ಆ ಹಿರಿಯರಲ್ಲಿ ನನ್ನ ಪಾಲಿಗೆ ಮೊದಲಿಗರು ನನ್ನ ಅಕ್ಕನ ಗಂಡ, ನಮ್ಮ ಭಾವನವರು.

ಅವರ ಉಗುರುಗಳ ಬುಡದಲ್ಲಿ ಅರಿಶಿನದ ಹಳದಿ ನಿಂತುಬಿಟ್ಟಿತ್ತು; ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹರವೆಯ ಕಡೆಯ ಅವರ ಊರಿನಲ್ಲಿ ಅರಿಶಿನ ಬೆಳೆಯದವರು ಕಡಿಮೆ. ಆದರೆ ಬೇಯಿಸಿದ ಗೆಡ್ಡೆಯನ್ನು ಆಳುಗಳ ಜೊತೆ ತಾವೂ ಕುಳಿತು ಒಣಗಲು ಹರಡುತ್ತಿದ್ದ ಹೊಲದೊಡೆಯರು ಅವರೊಬ್ಬರೇ. ತಂದೆಯಿಲ್ಲದ ನನ್ನನ್ನು ಚಾಮರಾಜನಗರದ ಪಾಠಶಾಲೆಗೆ ಸೇರಿಸಿದವರೂ ಅವರೇ. "ನೀ ಓದ್ಕ, ಹೊಲ ನಾ ನೋಡ್ಕತೀನಿ" ಎಂದಿದ್ದರು. ನನಗೆ ಬಂದ ನಾಲ್ಕಕ್ಷರವೆಲ್ಲ ಆ ಒಂದು ಮಾತಿನ ಫಲ.

ಬಸವೇಶ್ವರನ ಗುಡಿಯಲ್ಲಿ ವಿಭೂತಿ ಮುಟ್ಟಿ ಆಡಿದ ಮಾತಿಗೆ ಬೇರೆ ಪುರಾವೆ ಕೇಳುವುದು ನಮ್ಮಲ್ಲಿ ದೇವರಿಗೇ ಮಾಡಿದ ಅವಮಾನ. ಮದುವೆಯ ಮಾತುಕತೆಯಿಂದ ಹೊಲದ ಗಡಿಯವರೆಗೆ ಎಲ್ಲವೂ ಹಾಗೆಯೇ ಇತ್ಯರ್ಥವಾಗುತ್ತಿತ್ತು. ಭಾವನವರು ಆ ಪದ್ಧತಿಯಲ್ಲಿಯೇ ಬಾಳಿದವರು.

ಊರ ಮೇಲಣ ಗುಡ್ಡದಲ್ಲಿ ಕಲ್ಲುಗಣಿ ತೆರೆಯುವ ಪ್ರಸ್ತಾಪ ಬಂದದ್ದು ಈಚಿನ ವರ್ಷಗಳಲ್ಲಿ. ಪರವಾನಗಿ ಬರುವ ಮೊದಲೇ ಗುತ್ತಿಗೆದಾರ ಗುಡ್ಡಕ್ಕೆ ಮಣ್ಣಿನ ದಾರಿ ಹಾಕಿಕೊಳ್ಳಲು ಊರಿನ ಒಪ್ಪಿಗೆ ಬೇಡಿದ. ಆ ದಾರಿ ಹಳ್ಳಕ್ಕೆ ಅಡ್ಡವಾಗಿ ಏಳಬೇಕಿತ್ತು. ಗುಡ್ಡದ ಮಳೆನೀರೆಲ್ಲ ಆ ಹಳ್ಳದಲ್ಲಿಯೇ ಇಳಿದು ಕೆರೆ ಸೇರುವುದು. ಅದು ಕಟ್ಟಿಕೊಂಡರೆ ನೀರು ತಿರುಗುವುದು ಕೂಲಿಯವರ ಕೆಳಗಿನ ಕೇರಿಗೆ. ಗುತ್ತಿಗೆದಾರ ಗುಡಿಯಲ್ಲಿ ವಿಭೂತಿ ಮುಟ್ಟಿ, "ಮಳೆಗಾಲಕ್ಕೆ ಮೊದಲು ನೀರು ಹೋಗೋಕೆ ಮೋರಿ ಕಟ್ಟಿಸ್ತೀನಿ" ಎಂದ.

ಭಾವನವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೇರಿಯ ಹೆಣ್ಣುಮಗಳೊಬ್ಬಳು ಗುಡಿಯ ಹೊರಗಿನಿಂದಲೇ ಕೂಗಿದಳು: "ಬರ್ದು ಕೊಡು ಅನ್ನಿ ಬುದ್ಧಿ."

"ದೇವ್ರ ಮುಂದ ಆಡಿದ್ ಮ್ಯಾಲ ಬರಿಯದ್ಯಾಕಮ್ಮಿ?" ಎಂದರು ಭಾವನವರು.

"ಮಳ ಉಯ್ದಾಗ ನಿಮ್ ಬಸಪ್ಪ ಗುದ್ಲಿ ಇಡ್ಕಂಡು ಬಂದಾನಾ?"

ಎಲ್ಲರೂ ನಕ್ಕರು. "ಬಾಯಿ ಜೋರು ಕಣಮ್ಮಿ ನಿಂದು" ಎಂದು ಭಾವನವರೂ ನಕ್ಕರು. ಅವರ ಮಾತಿಗೆ ಊರು ತಲೆಬಾಗಿತು. ದಾರಿ ಎದ್ದಿತು, ಮೋರಿ ಬರಲಿಲ್ಲ. ಕೇಳಿದಾಗಲೆಲ್ಲ ಗುತ್ತಿಗೆದಾರ "ಮುಂದಿನ ವಾರ" ಎನ್ನುತ್ತಿದ್ದ. ಮುಂಗಾರು ಹೇಗೋ ಹಗುರವಾಗಿ ಕಳೆಯಿತು.

ಹಿಂಗಾರಿನ ಚಿತ್ತೆಯ ಮಳೆ ಹಾಗೆ ಬರಲಿಲ್ಲ. ಹಾಡಹಗಲೇ ಗುಡ್ಡದಿಂದ ಕೆಂಪು ನೀರು ಇಳಿದು, ದಾರಿಯ ಮಣ್ಣಿಗೆ ಬಡಿದು, ಅದರ ಬುಡ ಹಿಡಿದು ಕೇರಿಯತ್ತ ನುಗ್ಗಿತು. ನಾನು ಅಂದು ಅಕ್ಕನ ಮನೆಯಲ್ಲಿದ್ದೆ. ಭಾವನವರು ಗೋಣಿ ಹೊದ್ದು ಹೊರಟರು, ನಾನು ಹಿಂಬಾಲಿಸಿದೆ. ದಾರಿಗೂ ಕೇರಿಗೂ ನಡುವೆ ಅವರ ಅರಿಶಿನದ ಹೊಲವಿತ್ತು. ಅದರ ಬದುವನ್ನು ಕಡಿದರೆ ನೀರು ಹೊಲದ ಮೇಲೆ ಹಾದು ಕೆರೆಗೆ ಇಳಿಯಬಹುದಿತ್ತು.

"ಕಡೀರ್ಲಾ ಬದುವ!"

ಆಳುಗಳು ಗುದ್ದಲಿ ಹಿಡಿದು ನಿಂತೇ ಇದ್ದರು. "ಗೆಡ್ಡ ಕೊಳ್ತೋಯ್ತದ ಬುದ್ಧಿ. ವರ್ಸುದ್ ಬೆಳ."

"ಕೊಳ್ತೋಗ್ಲಿ ಬುಡ್ಲಾ. ಗ್ವಾಡ ಬಿದ್ರ ಮಕ್ಳು ಎಲ್ ಮಲಗ್ತವ?"

ಮೊದಲ ಗುದ್ದಲಿ ಅವರೇ ಹಾಕಿದರು. ಅಂದು ಗುಡಿಯ ಮುಂದೆ ಹಂಗಿಸಿದ್ದ ಆ ಹೆಣ್ಣುಮಗಳು ಮೊಳಕಾಲು ಮುಳುಗುವ ನೀರಿನಲ್ಲಿ ಬಂದು, ಅವರ ಪಕ್ಕದಲ್ಲಿ ನಿಂತು ಕಡಿದಳು. ಒಂದು ಕೊಂಕು ನುಡಿಯನ್ನೂ ಆಡಲಿಲ್ಲ. "ಬಯ್ದಿದ್ರ ಸಮಾಧಾನಾಯ್ತಿತ್ತು" ಎಂದು ಭಾವನವರು ಆಮೇಲೆ ಅಕ್ಕನ ಮುಂದೆ ಕಣ್ಣೊರೆಸಿಕೊಂಡರಂತೆ. ಬದು ಒಡೆದು ನೀರು ತಿರುಗಿತು. ಕೇರಿ ಉಳಿಯಿತು, ಅಂಚಿನ ಒಂದು ಮನೆಯ ಹೊರತು. ಅದು ಅವಳದೇ ಮನೆ. ಗೋಡೆ ಮತ್ತೆ ಏಳುವವರೆಗೆ ಅವಳ ಸಂಸಾರವನ್ನು ಭಾವನವರು ತಮ್ಮ ನಡುಮನೆಯಲ್ಲಿ ಇರಿಸಿಕೊಂಡರು. ಊರಿನಲ್ಲಿ ಕೆಲವರು ಗೊಣಗಿದರು, ಅವರು ಕಿವಿಗೊಡಲಿಲ್ಲ.

ಆ ಮಳೆಯಲ್ಲಿ ಹತ್ತಿದ ಕೆಮ್ಮು ಅವರನ್ನು ಬಿಡಲಿಲ್ಲ. ಗಣಿಯ ವಿಷಯವಾಗಿ ಅಧಿಕಾರಿಗಳು ಊರವರ ಅಹವಾಲು ಕೇಳಲು ಸಭೆ ಕರೆದಾಗ, ಜ್ವರದಲ್ಲಿಯೇ ಬಂದು ನನ್ನ ಭುಜ ಹಿಡಿದು ಎದ್ದು ನಿಂತರು.

"ದಾರಿಗ ಊರ ಒಪ್ಸುದ್ದು ನಾನು. ನಂಬುದ್ದು ನಾನು, ಮುಳುಗುದ್ದು ಅವ್ರು. ಇನ್ಮೇಲ ನನ್ ಕೇಳ್ಬ್ಯಾಡಿ, ಆ ಕೇರಿಯೋರ್ನ ಕೇಳಿ."

ಹಳ್ಳದ ಅಡ್ಡ ತೆಗೆಸುವ ತನಕ ಗಣಿಯ ಮಾತಿಲ್ಲವೆಂದು ಅಧಿಕಾರಿ ಹೇಳಿದರು. ಗುತ್ತಿಗೆದಾರ ತಲೆ ತಗ್ಗಿಸಿದ. ದಾರಿಯ ಮಣ್ಣು ಮಾತ್ರ ಇದ್ದಲ್ಲಿಯೇ ಇತ್ತು.

ಶಿವರಾತ್ರಿಗೆ ಮುನ್ನವೇ ಭಾವನವರು ಲಿಂಗೈಕ್ಯರಾದರು. ನೀರು ನಿಂತು ಬೆಳೆ ಕಳೆದ ಆ ಹೊಲದಲ್ಲಿಯೇ ಅವರಿಗೆ ಸಮಾಧಿಯಾಯಿತು. ಮಣ್ಣು ಕೊಟ್ಟವರು ಮನೆಗೆ ಹೋಗಲಿಲ್ಲ. ಮೇಲಿನ ಬೀದಿಯವರೂ ಕೆಳಗಿನ ಕೇರಿಯವರೂ ಒಟ್ಟಾಗಿ ನಡೆದು, ಹಳ್ಳಕ್ಕೆ ಅಡ್ಡವಿದ್ದ ದಾರಿಯನ್ನು ಅಗೆದು ತೆಗೆದರು. ಅಕ್ಕ ಸಮಾಧಿಯ ಬಳಿ ಕುಳಿತು ಅದನ್ನೇ ನೋಡುತ್ತಿದ್ದಳು.

ಗಣಿಯ ಪ್ರಸ್ತಾಪ ಇನ್ನೂ ಮುಗಿದಿಲ್ಲ. ಮುಂದೇನೆಂದು ಬಲ್ಲವನು ಶಿವನೊಬ್ಬನೇ. ಅಂದು ಮಣ್ಣು ಅಗೆದ ಪ್ರತಿಯೊಬ್ಬರಿಗೂ ಅವನು ಆಯುಸ್ಸು ನೀಡಲಿ. ಕೇರಿಯ ಒಲೆಗಳು ಆರದಿರಲಿ. ಮಾತು ತಪ್ಪಿದವನ ಮೇಲೂ ಕರುಣೆಯಿರಲಿ. ಅವನ ಮಕ್ಕಳು ಮಲಗಿದ ಮನೆಗೆ ಎಂದೂ ನೀರು ನುಗ್ಗದಿರಲಿ.